ಕತ್ತಿಗೆ ಬಾಯಿ ಕೊಟ್ಟ ಕಲ್ಲು

ಬ್ಲೇಡ್ ಮೊಂಡಾದರೆ ಎಸೆಯುತ್ತೇವೆ, ಇನ್ನೊಂದು ತೆಗೆಯುತ್ತೇವೆ. ನಮಗೆಲ್ಲ ಇದು ಎಷ್ಟು ಸಹಜ ಅಂದರೆ, ಮೊಂಡಾದದ್ದನ್ನು ಮತ್ತೆ ಹರಿತ ಮಾಡಿಕೊಳ್ಳಬಹುದು ಎಂಬ ಯೋಚನೆಯೇ ಬರುವುದಿಲ್ಲ. ಆದರೆ ಈ ಎಸೆಯುವ ಅಭ್ಯಾಸಕ್ಕೆ ವಯಸ್ಸು ಸುಮಾರು ನೂರಿಪ್ಪತ್ತು ವರ್ಷ ಮಾತ್ರ. ಅದಕ್ಕೂ ಮೊದಲು ಸಾವಿರಾರು ವರ್ಷ ಗಡ್ಡ ತೆಗೆದದ್ದು ಒಂದೇ ಕತ್ತಿ. ಅಪ್ಪನ ಕತ್ತಿಯನ್ನು ಮಗ ಹಿಡಿಯುತ್ತಿದ್ದ. ಆ ಕತ್ತಿಯನ್ನು ಬದುಕಿಸಿಟ್ಟದ್ದು ಅದರ ಜೊತೆಗೇ ಚೀಲದಲ್ಲಿರುತ್ತಿದ್ದ ಒಂದು ಅಂಗೈ ಅಗಲದ ಕಲ್ಲು.

ಕತ್ತಿಯ ಚರಿತ್ರೆ ಬರೆದವರು ಉಕ್ಕನ್ನು ಹೊಗಳಿದ್ದಾರೆ, ಕಮ್ಮಾರನನ್ನು ಹೊಗಳಿದ್ದಾರೆ. ಕಲ್ಲಿಗೆ ಸಿಕ್ಕಿದ್ದು ಅಡಿಟಿಪ್ಪಣಿ. ಈ ಬರಹದಲ್ಲಿ ನಾವು ಕಲ್ಲನ್ನು ಹಿಂಬಾಲಿಸುತ್ತೇವೆ. ಯಾಕೆಂದರೆ ಕಲ್ಲನ್ನು ಹಿಂಬಾಲಿಸಿದರೆ ಒಂದು ಪ್ರಶ್ನೆ ಎದುರಾಗುತ್ತದೆ: ಹರಿತ ಯಾರ ಕೈಯಲ್ಲಿತ್ತು, ಅದು ಯಾರ ಕೈಗೆ ಹೋಯಿತು?

ಉದ್ದಿನ ಬಣ್ಣದ ಕಲ್ಲು, ಎಂಜಲಿನ ಕಲ್ಲು

ನಮ್ಮ ದೇಶದಲ್ಲಿ ಸಾಣೆಕಲ್ಲಿನ ಬಗ್ಗೆ ಬಹಳ ಹಳೆಯ, ಬಹಳ ನಿಖರವಾದ ಮಾತು ಸಿಗುವುದು ಸುಶ್ರುತ ಸಂಹಿತೆಯಲ್ಲಿ. ಅದರ ಸೂತ್ರಸ್ಥಾನದ ಎಂಟನೆಯ ಅಧ್ಯಾಯ ಶಸ್ತ್ರಚಿಕಿತ್ಸೆಯ ಉಪಕರಣಗಳ ಕುರಿತದ್ದು. ಅವುಗಳನ್ನು ಮಸೆಯಲು ಉದ್ದಿನ ಬಣ್ಣದ ನುಣುಪಾದ ಕಲ್ಲು ಬೇಕು ಎನ್ನುತ್ತದೆ ಗ್ರಂಥ. ಮಸೆದ ಮೇಲೆ ಹರಿತ ನಿಲ್ಲಬೇಕಾದರೆ ಬೂರುಗದ ಮರದ ಹಲಗೆ ಬೇಕು. ಅಲಗಿನ ದಪ್ಪಕ್ಕೂ ಅಳತೆ ಇದೆ. ಕೆಲವು ಉಪಕರಣಕ್ಕೆ ಮಸೂರ ಬೇಳೆಯಷ್ಟು, ಕೆಲವಕ್ಕೆ ಅದರ ಅರ್ಧ, ಕೆಲವಕ್ಕೆ ಕೂದಲಿನಷ್ಟು, ಕತ್ತರಿಸುವ ಉಪಕರಣಕ್ಕೆ ಅರ್ಧ ಕೂದಲಿನಷ್ಟು. ಇನ್ನು ಪರೀಕ್ಷೆ? ಕೂದಲನ್ನು ಕತ್ತರಿಸಬಲ್ಲಷ್ಟು ಹರಿತವಾಗಿದ್ದರೆ ಮಾತ್ರ ಆ ಶಸ್ತ್ರವನ್ನು ರೋಗಿಯ ಮೇಲೆ ಬಳಸಬೇಕು.

ಅಂದರೆ ಶಸ್ತ್ರವೈದ್ಯನ ಅಳತೆಗೋಲೂ ಕ್ಷೌರಿಕನ ಅಳತೆಗೋಲೂ ಒಂದೇ: ಕೂದಲು. ನಯವಾದ ಕಪ್ಪು ಕಲ್ಲಿನ ಮೇಲೆ ಮಸೆದು, ಆಮೇಲೆ ಮೆತ್ತನೆಯ ಮರದ ಮೇಲೆ ಸವರುವ ಎರಡು ಹಂತಗಳೂ ಹಾಗೆಯೇ. ಮುಂದೆ ಮರದ ಜಾಗಕ್ಕೆ ಚರ್ಮದ ಪಟ್ಟಿ ಬಂತು ಅಷ್ಟೆ.

ಸುಮಾರು ಕ್ರಿ.ಶ. 77ರಲ್ಲಿ ರೋಮಿನ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯ 36ನೆಯ ಭಾಗದಲ್ಲಿ ಸಾಣೆಕಲ್ಲುಗಳನ್ನು ವಿಂಗಡಿಸಿದ್ದಾನೆ. ಕಲ್ಲಿನ ಮೇಲೆ ಏನು ಹಾಕಿ ಮಸೆಯುತ್ತಾರೆ ಎಂಬುದೇ ಅವನ ವಿಂಗಡಣೆಯ ಆಧಾರ. ಕೆಲವು ಎಣ್ಣೆ ಬೇಡುವ ಕಲ್ಲುಗಳು, ಅವುಗಳಲ್ಲಿ ಕ್ರೀಟ್ ದ್ವೀಪದ್ದಕ್ಕೆ ಹೆಸರು. ಕೆಲವು ನೀರು ಬೇಡುವವು. ಕೆಲವು ಎರಡಕ್ಕೂ ಸೈ. ನಾಲ್ಕನೆಯ ಬಗೆ ಮನುಷ್ಯನ ಎಂಜಲಿನಿಂದ ಕೆಲಸ ಮಾಡುವವು. ಅವು ಇದ್ದದ್ದು ಕ್ಷೌರದ ಅಂಗಡಿಗಳಲ್ಲಿ! ಬೇರೆ ಕೆಲಸಕ್ಕೆ ಬಾರದಷ್ಟು ಮೆತ್ತಗಿನ ಕಲ್ಲುಗಳವು, ಒಳ್ಳೆಯವು ಸ್ಪೇನಿನಿಂದ ಬರುತ್ತಿದ್ದವು ಎಂದು ಅವನು ಬರೆಯುತ್ತಾನೆ.

ಇಲ್ಲಿ ಗಮನಿಸಬೇಕಾದ್ದು ‘ಮೆತ್ತಗಿನ’ ಎಂಬ ಮಾತು. ಕೊಡಲಿಗೆ, ಕುಡುಗೋಲಿಗೆ ಒರಟು ಕಲ್ಲು ಸಾಕು, ಅಲಗು ಸ್ವಲ್ಪ ಗರಗಸದಂತಿದ್ದರೂ ನಡೆಯುತ್ತದೆ. ಗಲ್ಲದ ಮೇಲೆ ಓಡುವ ಕತ್ತಿಗೆ ಅದು ನಡೆಯದು. ಒರಟು ಗೆರೆಗಳಿದ್ದರೆ ಚರ್ಮ ಉರಿಯುತ್ತದೆ, ರಕ್ತ ಬರುತ್ತದೆ. ಹಾಗಾಗಿ ಕ್ಷೌರಿಕ ಹುಡುಕಬೇಕಾದ ಕಲ್ಲು ಉಕ್ಕನ್ನು ಸವೆಸುವಷ್ಟು ಗಟ್ಟಿಯಾಗಿರಬೇಕು, ಗೀರು ಬೀಳಿಸದಷ್ಟು ಮೃದುವಾಗಿಯೂ ಇರಬೇಕು. ಇಂಥ ಕಲ್ಲು ಭೂಮಿಯ ಮೇಲೆ ಎಲ್ಲೆಂದರಲ್ಲಿ ಸಿಗುವುದಿಲ್ಲ.

ಕಾಡಿನ ಕಣಿವೆಯಲ್ಲಿ ಹಳದಿ ಪಟ್ಟೆ

ಸಿಕ್ಕ ಕೆಲವೇ ಜಾಗಗಳಲ್ಲಿ ಒಂದು ಬೆಲ್ಜಿಯಂ ದೇಶದ ಆರ್ಡೆನ್ ಬೆಟ್ಟಸೀಮೆ. ಅಲ್ಲಿ ಸಾಲ್ಮ್ ಎಂಬ ಸಣ್ಣ ನದಿಯ ಕಣಿವೆ, ಆ ಕಣಿವೆಯಲ್ಲಿ ವೀಲ್‌ಸಾಲ್ಮ್ ಎಂಬ ಊರು. ಊರಿನ ಸುತ್ತಲಿನ ನೆಲದಡಿ ನೇರಳೆ-ನೀಲಿ ಬಣ್ಣದ ಸ್ಲೇಟು ಕಲ್ಲಿನ ಪದರಗಳು. ಅವುಗಳ ನಡುವೆ ಅಲ್ಲಲ್ಲಿ ಬೆಣ್ಣೆಯ ಬಣ್ಣದ ತೆಳ್ಳನೆಯ ಪಟ್ಟೆಗಳು. ಕೆಲವು ಪಟ್ಟೆಗಳ ದಪ್ಪ ಒಂದು ಬೆರಳಿನಷ್ಟೂ ಇಲ್ಲ. ಈ ಹಳದಿ ಕಲ್ಲೇ ಕೋಟಿಕ್ಯೂಲ್. ಲ್ಯಾಟಿನ್‌ನಲ್ಲಿ ‘ಕೋಸ್’ ಎಂದರೆ ಸಾಣೆಕಲ್ಲು. ‘ಕೋಟಿಕುಲ’ ಎಂದರೆ ಪುಟ್ಟ ಸಾಣೆಕಲ್ಲು. ಚಿನ್ನ ಉಜ್ಜಿ ನೋಡುವ ಒರೆಗಲ್ಲಿಗೂ ಪ್ಲಿನಿ ಇದೇ ಪದವನ್ನು ಬಳಸಿದ್ದಾನೆ.

ಸುಮಾರು 48 ಕೋಟಿ ವರ್ಷಗಳ ಹಿಂದೆ ಆ ಜಾಗ ಸಮುದ್ರದ ತಳ. ಅಲ್ಲಿ ಪದರ ಪದರವಾಗಿ ಕೂತ ಕೆಸರು ಮುಂದೆ ಭೂಮಿಯ ಒತ್ತಡಕ್ಕೂ ಬಿಸಿಗೂ ಸಿಕ್ಕಿ ಕಲ್ಲಾಯಿತು. ಮ್ಯಾಂಗನೀಸ್ ಹೆಚ್ಚಿದ್ದ ಪದರಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳುಗಳು ಹುಟ್ಟಿದವು. ನವರತ್ನಗಳಲ್ಲಿ ಎಣಿಸುವ ಗೋಮೇದಕವೂ ಈ ಗಾರ್ನೆಟ್ ಕುಟುಂಬದ್ದೇ. ಕೋಟಿಕ್ಯೂಲಿನ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇಂಥ ಹರಳುಗಳು. ಒಂದೊಂದರ ಅಳತೆ ಸುಮಾರು 5ರಿಂದ 20 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್ ಎಂದರೆ ಅಂದಾಜು ಸಿಗಬಹುದು. ಈ ಹರಳುಗಳನ್ನು ಹಿಡಿದುಕೊಂಡಿರುವುದು ಮೆತ್ತಗಿನ ಕಾಗೆಬಂಗಾರದ ಜಾತಿಯ ಖನಿಜ.

ಗಾರ್ನೆಟ್ ಹರಳಿಗೆ ಹನ್ನೆರಡು ಮುಖ. ಒಡೆದ ಗಾಜಿನ ಚೂರಿನಂತೆ ಅದಕ್ಕೆ ಚೂಪು ಮೂಲೆಗಳಿಲ್ಲ, ಹೆಚ್ಚುಕಡಿಮೆ ಗುಂಡಗಿರುತ್ತದೆ. ಹಾಗಾಗಿ ಅದು ಉಕ್ಕನ್ನು ಸವೆಸುತ್ತದೆಯೇ ಹೊರತು ಆಳವಾಗಿ ಗೀರುವುದಿಲ್ಲ. ಗಟ್ಟಿತನವೂ ಮೃದುತನವೂ ಒಂದೇ ಕಲ್ಲಿನಲ್ಲಿ ಕೂಡಿಬಂದದ್ದು ಹೀಗೆ.

ಬಳಸುವ ರೀತಿ ಗೊತ್ತಾದರೆ ಇದರ ಮಹಿಮೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಅದೇ ಜಾತಿಯ ಸಣ್ಣ ತುಂಡಿನಿಂದ ಉಜ್ಜಿದರೆ ಹಾಲಿನಂಥ ರಸ ಬರುತ್ತದೆ, ನಾವು ಗಂಧ ತೇಯ್ದ ಹಾಗೆ. ಆ ಹಾಲಿನಲ್ಲಿ ಬಿಡಿಬಿಡಿಯಾದ ಗಾರ್ನೆಟ್ ಇರುವುದರಿಂದ ಕತ್ತಿ ಬೇಗ ಸವೆಯುತ್ತದೆ. ಆಮೇಲೆ ಹನಿ ಹನಿಯಾಗಿ ನೀರು ಸೇರಿಸುತ್ತಾ ಹಾಲನ್ನು ತೆಳುವಾಗಿಸಬೇಕು. ತೆಳುವಾದಷ್ಟೂ ಸವೆತ ನಿಧಾನ, ಅಲಗು ನಯ. ಕೊನೆಗೆ ಬರೀ ನೀರು. ಮೂರು ನಾಲ್ಕು ಕಲ್ಲು ಮಾಡುವ ಕೆಲಸವನ್ನು ಒಂದೇ ಕಲ್ಲು ಮಾಡಿಬಿಡುತ್ತದೆ.

ಕತ್ತಿಯ ರಚನೆಯೂ ಇದಕ್ಕೆ ಹೊಂದಿಕೊಂಡದ್ದೇ. ಹಳೆಯ ಕ್ಷೌರದ ಕತ್ತಿಗೆ ಬೆನ್ನು ದಪ್ಪ, ಬಾಯಿ ತೆಳು. ಅದನ್ನು ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ. ಓರೆ ಎಷ್ಟಿರಬೇಕು ಎಂದು ಕೈ ಲೆಕ್ಕ ಹಾಕಬೇಕಿಲ್ಲ, ಕತ್ತಿಯೇ ನೋಡಿಕೊಳ್ಳುತ್ತದೆ. ಕಲ್ಲಿನ ಮೇಲೆ ಬಾಯಿ ಮುಂದಾಗಿ ತಳ್ಳಬೇಕು. ಚರ್ಮದ ಪಟ್ಟಿಯ ಮೇಲಾದರೆ ಬೆನ್ನು ಮುಂದಾಗಿ ಎಳೆಯಬೇಕು, ಇಲ್ಲವಾದರೆ ಪಟ್ಟಿಯೇ ಸೀಳುತ್ತದೆ. ಭಾರ ಹಾಕಬಾರದು. ಇಷ್ಟನ್ನು ಹೇಳುವುದಕ್ಕೆ ಒಂದು ನಿಮಿಷ, ಕೈಗೆ ಬರುವುದಕ್ಕೆ ತಿಂಗಳುಗಟ್ಟಲೆ.

ಹಳದಿ ಪಟ್ಟೆ ತೆಳ್ಳಗಿದ್ದ ಕಾರಣ ಅದನ್ನು ಹಲ್ಲೆಗಳಾಗಿ ಸೀಳಿ ಕೆಳಗೆ ಸ್ಲೇಟು ಅಂಟಿಸಿ ಮಾರುತ್ತಿದ್ದರು. 19ನೆಯ ಶತಮಾನದಲ್ಲಿ ವೀಲ್‌ಸಾಲ್ಮಿನ ಕಲ್ಲು ಹಡಗು ಹತ್ತಿ ದೇಶ ದೇಶಗಳ ಕ್ಷೌರದ ಅಂಗಡಿ ಸೇರಿತು. ಅದಕ್ಕೆ ಪೈಪೋಟಿಯೂ ಇತ್ತು. ಜರ್ಮನಿಯ ತುರಿಂಗಿಯಾ ಸೀಮೆಯ ಸ್ಲೇಟು ಕಲ್ಲು, ಜಪಾನಿನ ಕ್ಯೋಟೋ ಬೆಟ್ಟಗಳ ಕಲ್ಲು, ಅಮೆರಿಕದ ಆರ್ಕನ್ಸಾದ ನೊವಾಕ್ಯುಲೈಟ್ ಇವೆಲ್ಲ ಪ್ರಸಿದ್ಧ. ನೊವಾಕ್ಯುಲೈಟ್ ಎಂಬ ಹೆಸರು ಬಂದದ್ದೇ ‘ನೊವಾಕುಲ’ ಎಂಬ ಲ್ಯಾಟಿನ್ ಪದದಿಂದ. ಅದರ ಅರ್ಥ ಕ್ಷೌರದ ಕತ್ತಿ. ಒಂದು ಶಿಲೆಗೆ ಭೂವಿಜ್ಞಾನಿಗಳು ಕ್ಷೌರಿಕನ ಉಪಕರಣದ ಹೆಸರಿಟ್ಟಿದ್ದಾರೆ!

ಉಕ್ಕು ನಮ್ಮದು, ಕತ್ತಿ ಲಂಡನ್ನಿನದು

ಕಲ್ಲು ಎಷ್ಟು ಒಳ್ಳೆಯದಾದರೂ ಅದಕ್ಕೆ ತಕ್ಕ ಉಕ್ಕು ಬೇಕು. ಈ ಕಥೆಯಲ್ಲಿ ಕನ್ನಡ ನಾಡು ಬರುವುದು ಇಲ್ಲಿಯೇ.

ಮೈಸೂರು ಸೀಮೆಯೂ ಸೇರಿದಂತೆ ದಕ್ಷಿಣದ ಹಲವು ಕಡೆ ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನೂ ಸೌದೆ ಚೂರು, ಎಲೆಗಳನ್ನೂ ಇಟ್ಟು ಮುಚ್ಚಿ ಕಾಯಿಸಿ ಉಕ್ಕಿನ ಗಟ್ಟಿ ತೆಗೆಯುತ್ತಿದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಯುರೋಪಿನವರು ಇದನ್ನು ‘ವೂಟ್ಜ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬ ಪದದ ಅಪಭ್ರಂಶ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1790ರ ದಶಕದಲ್ಲಿ ಇದರ ಮಾದರಿಗಳು ಲಂಡನ್ನಿನ ರಾಯಲ್ ಸೊಸೈಟಿ ತಲುಪಿದವು. ಅಲ್ಲಿನ ಸ್ಟ್ರ್ಯಾಂಡ್ ಬೀದಿಯಲ್ಲಿ ಕತ್ತಿ ಮತ್ತು ಶಸ್ತ್ರಚಿಕಿತ್ಸೆಯ ಉಪಕರಣ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ಪರೀಕ್ಷಿಸಿದ. ಅದರಿಂದ ಕ್ಷೌರದ ಕತ್ತಿ ಮಾಡಿದ. ಯುರೋಪಿನ ಅತ್ಯುತ್ತಮ ಉಕ್ಕಿಗಿಂತಲೂ ತನಗೆ ಇದೇ ಮೆಚ್ಚು ಎಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿಕೊಂಡ. ಮುಂದೆ ಇದೇ ಸ್ಟೋಡಾರ್ಟ್ ಜೊತೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗ ಮಾಡಿದವನು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆಯೇ! 1820ರ ಸುಮಾರಿನ ಆ ಪ್ರಯೋಗಗಳ ಉಕ್ಕಿನಿಂದ ಕ್ಷೌರದ ಕತ್ತಿ ಮಾಡಿಸಿ ಅವನು ಗೆಳೆಯರಿಗೆ ಹಂಚಿದ್ದ.

ಉಕ್ಕಷ್ಟೇ ಅಲ್ಲ, ಮಸೆಯುವ ಖನಿಜವೂ ಇಲ್ಲಿಂದ ಹೆಸರು ಪಡೆದಿದೆ. ವಜ್ರದ ನಂತರ ಗಟ್ಟಿತನದಲ್ಲಿ ಹೆಸರಾದ ಕೊರಂಡಮ್ ಎಂಬ ಪದ ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದಗಳ ಬಳಗದ್ದು. ಅದನ್ನು ಪುಡಿ ಮಾಡಿ ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡುವುದು ಭಾರತದ ಹಳೆಯ ವಿದ್ಯೆ. ಇದರ ಬಗ್ಗೆ ಚಾರ್ಲ್ಸ್ ಗ್ರೆವಿಲ್ ಎಂಬವನು 1798ರಲ್ಲಿ ರಾಯಲ್ ಸೊಸೈಟಿಗೆ ಪ್ರಬಂಧವನ್ನೇ ಒಪ್ಪಿಸಿದ.

ಹರಿತದ ಬೆಲೆ ತೆತ್ತ ಶ್ವಾಸಕೋಶಗಳು

ಇಷ್ಟು ಹೇಳಿ ನಿಲ್ಲಿಸಿದರೆ ಇದು ಸುಂದರ ಕಥೆ. ಆದರೆ ಕತ್ತಿ ಕ್ಷೌರಿಕನ ಅಂಗೈಗಲ್ಲಿಗೆ ಬರುವ ಮುಂಚೆ ಇನ್ನೊಂದು ಕಲ್ಲನ್ನು ದಾಟಿ ಬರಬೇಕಿತ್ತು. ಅದು ಕಾರ್ಖಾನೆಯ ದೊಡ್ಡ ಮರಳುಗಲ್ಲಿನ ಚಕ್ರ.

ಇಂಗ್ಲೆಂಡಿನ ಶೆಫೀಲ್ಡ್ ಆಗ ಜಗತ್ತಿಗೇ ಕತ್ತಿ ಕೊಡುತ್ತಿದ್ದ ಊರು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನು ಅಲ್ಲಿ ಮೂಸೆಯ ಉಕ್ಕು ತಯಾರಿಸಿದ ಮೇಲೆ ಕ್ಷೌರದ ಕತ್ತಿಯ ಉದ್ಯಮ ಬೆಳೆಯಿತು. ಒರಟು ಅಲಗಿಗೆ ರೂಪ ಕೊಡಲು ಕೆಲಸಗಾರರು ತಿರುಗುವ ಮರಳುಗಲ್ಲಿನ ಮೇಲೆ ಬಾಗಿ ಕೂರುತ್ತಿದ್ದರು. ಉಕ್ಕಿನ ಜೊತೆ ಕಲ್ಲೂ ಸವೆದು ಸಣ್ಣ ಬೆಣಚು ದೂಳು ಏಳುತ್ತಿತ್ತು. ಆ ದೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಬರದು. ಇಂದು ನಾವು ಸಿಲಿಕೋಸಿಸ್ ಎನ್ನುವ ಕಾಯಿಲೆಗೆ ಅಲ್ಲಿನವರು ಸಾಣೆಯವರ ಉಬ್ಬಸ ಎನ್ನುತ್ತಿದ್ದರು.

ಶೆಫೀಲ್ಡಿನ ವೈದ್ಯ ನೈಟ್ ಹೇಳಿದ ಲೆಕ್ಕವನ್ನು ಫ್ರೆಡರಿಕ್ ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಕೊಟ್ಟಿದ್ದಾನೆ. ಒಣ ಕಲ್ಲಿನ ಮೇಲೆ ಕೆಲಸ ಮಾಡುವವರು 35 ವರ್ಷ ಬದುಕಿದರೆ ಹೆಚ್ಚು, ನೀರು ಹಾಕಿ ಕೆಲಸ ಮಾಡುವವರು 45 ದಾಟುವುದು ಅಪರೂಪ. ಅದೇ ವೈದ್ಯನ ಇನ್ನೊಂದು ಮಾತು ಇನ್ನೂ ಕಹಿ. ಸಾಣೆಯವರಲ್ಲಿ ಹೆಚ್ಚು ಕಾಲ ಬದುಕುತ್ತಿದ್ದವರು ವಿಪರೀತ ಕುಡುಕರು. ಕುಡಿದು ಮಲಗಿದ ದಿನ ಅವರು ಕೆಲಸಕ್ಕೆ ಹೋಗುತ್ತಿರಲಿಲ್ಲವಲ್ಲ! ನೀರು ಹಾಕಿದರೆ ಹತ್ತು ವರ್ಷ ಆಯಸ್ಸು ಹೆಚ್ಚು ಎಂಬ ಈ ಲೆಕ್ಕವನ್ನು ಕಲ್ಲುಕ್ವಾರಿ, ಪೆನ್ಸಿಲ್ ಕಲ್ಲು, ಗ್ರಾನೈಟ್ ಪಾಲಿಶ್ ಕೆಲಸಗಾರರ ಬಗ್ಗೆ ವರದಿ ಮಾಡುವ ಯಾರೂ ಮರೆಯಬಾರದು.

1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕಾರ್ಬೊರಂಡಮ್ ಎಂಬ ಕೃತಕ ವಸ್ತು ಕಂಡುಹಿಡಿದ. ಕೃತಕ ಸಾಣೆಚಕ್ರಗಳು ಬಂದ ಮೇಲೆ ಮರಳುಗಲ್ಲು ನಿಧಾನಕ್ಕೆ ಹಿಂದೆ ಸರಿಯಿತು. ಸಾಣೆಕಲ್ಲು ಕೂಡ ಅಚ್ಚಿನಲ್ಲಿ ತಯಾರಾಗತೊಡಗಿತು. ಗಣಿಗಳಿಗೆ ಇದು ಮೊದಲ ಪೆಟ್ಟು.

ಎಸೆಯುವ ಬ್ಲೇಡ್ ಬಂತು

ಎರಡನೆಯ ಪೆಟ್ಟು ಕೊಟ್ಟವನು ಕಿಂಗ್ ಕ್ಯಾಂಪ್ ಜಿಲೆಟ್. ಮಸೆಯಬೇಕಾಗಿಯೇ ಇಲ್ಲದ, ಮೊಂಡಾದರೆ ಎಸೆಯುವ ತೆಳು ಬ್ಲೇಡ್ ಅವನ ಕಲ್ಪನೆ. 1903ರಲ್ಲಿ, ಮಾರಾಟದ ಮೊದಲ ವರ್ಷ, ಹೋದದ್ದು ಬರೀ 51 ರೇಜರ್, 168 ಬ್ಲೇಡ್. ಮರುವರ್ಷ 90 ಸಾವಿರಕ್ಕೂ ಹೆಚ್ಚು ರೇಜರ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಸುಮಾರು 35 ಲಕ್ಷ ರೇಜರ್ ಮತ್ತು 3 ಕೋಟಿಗೂ ಹೆಚ್ಚು ಬ್ಲೇಡ್ ಪೂರೈಕೆಯಾಯಿತು. ಗಡ್ಡವಿದ್ದರೆ ವಿಷಾನಿಲದ ಮುಖವಾಡ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಸೈನಿಕರಿಗೆ ಕ್ಷೌರ ಅನಿವಾರ್ಯ. ಯುದ್ಧ ಮುಗಿಸಿ ಮನೆಗೆ ಹೋದವರು ಬ್ಲೇಡಿನ ಅಭ್ಯಾಸವನ್ನೂ ಹೊತ್ತೊಯ್ದರು.

ವೀಲ್‌ಸಾಲ್ಮಿನ ಗಣಿಗಳು ಒಂದೊಂದಾಗಿ ಮುಚ್ಚಿದವು. 1980ರ ಸುಮಾರಿಗೆ ಕೆಲಸ ಪೂರ್ತಿ ನಿಂತಿತು. 1990ರ ದಶಕದ ಕೊನೆಗೆ ಮತ್ತೆ ಸಣ್ಣ ಪ್ರಮಾಣದಲ್ಲಿ ಶುರುವಾದರೂ ಈಗ ಅದನ್ನು ಕೊಳ್ಳುವವರಲ್ಲಿ ಹವ್ಯಾಸಿಗಳೇ ಹೆಚ್ಚು. ಪಕ್ಕದ ಸಾಲ್ಮ್‌ಶಾಟೊದಲ್ಲಿ ಈ ಕಲ್ಲಿಗೆಂದೇ ಒಂದು ಮ್ಯೂಸಿಯಂ ಇದೆ.

ನಮ್ಮ ಹಡಪದಲ್ಲಿ

ಈಗ ನಮ್ಮ ಊರುಗಳಿಗೆ ಬರೋಣ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರು ಇದ್ದರು ಎಂದು ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೊದಲ ಸಂಪುಟ ಪ್ರಕಟಿಸಿದ ತನ್ನ ಮೈಸೂರು ಚರಿತ್ರೆಯಲ್ಲಿ ಪಟ್ಟಿ ಕೊಟ್ಟಿದ್ದಾನೆ. ಗೌಡ, ಶಾನುಭೋಗ, ನೀರಗಂಟಿ, ಕಮ್ಮಾರ, ಕುಂಬಾರ, ಅಗಸರ ಜೊತೆ ಕ್ಷೌರಿಕನೂ ಅದರಲ್ಲಿದ್ದಾನೆ. ವರ್ಷವಿಡೀ ದುಡಿದದ್ದಕ್ಕೆ ಸುಗ್ಗಿಯಲ್ಲಿ ಕಣದಿಂದ ಸಿಗುವ ಧಾನ್ಯವೇ ಆಯ. ಕೈಗೆ ಕಾಸು ಬರುವುದು ಅಪರೂಪವಾದ ಆ ಲೆಕ್ಕಾಚಾರದಲ್ಲಿ ಅವನ ಕಸುಬು ನಡೆದದ್ದು ಯಾಕೆಂದರೆ ಉಪಕರಣಕ್ಕೆ ದಿನದಿನದ ಖರ್ಚಿರಲಿಲ್ಲ. ಕತ್ತಿ ಒಮ್ಮೆ ಮಾಡಿಸಿದರೆ ಆಯಿತು. ಹಡಪದಲ್ಲಿ ಕಲ್ಲು ಇತ್ತು, ಪಟ್ಟಿ ಇತ್ತು, ನೀರು ಯಾರ ಮನೆಯಲ್ಲಾದರೂ ಸಿಗುತ್ತಿತ್ತು. ಹರಿತವನ್ನು ಅವನು ಕೊಳ್ಳುತ್ತಿರಲಿಲ್ಲ, ತಯಾರಿಸುತ್ತಿದ್ದ.

ಹಾಗೆಂದು ಆ ಕಾಲವನ್ನು ಹಾಡಿ ಹೊಗಳಲು ನಾವು ಸಿದ್ಧರಿಲ್ಲ. ಆಯದ ಪದ್ಧತಿಯಲ್ಲಿ ಕ್ಷೌರಿಕನಿಗೆ ‘ಇಲ್ಲ’ ಎನ್ನುವ ಹಕ್ಕಿರಲಿಲ್ಲ. ಯಾರ ತಲೆ ಮುಟ್ಟಬಹುದು, ಯಾರದ್ದು ಮುಟ್ಟಬಾರದು ಎಂಬುದನ್ನು ಅವನ ಪರವಾಗಿ ಊರಿನ ಜಾತಿಯ ಕಟ್ಟಳೆ ತೀರ್ಮಾನಿಸುತ್ತಿತ್ತು. ದಲಿತರಿಗೆ ಕ್ಷೌರ ನಿರಾಕರಿಸುವ ಸುದ್ದಿ ಇಂದಿಗೂ ಬರುತ್ತಿರುವುದು ಆ ಕಟ್ಟಳೆಯ ಪಳೆಯುಳಿಕೆ. ಇಷ್ಟು ನಾಜೂಕಾದ ಕೈವಿದ್ಯೆ ಇದ್ದವನ ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡ ಸಮಾಜ ನಮ್ಮದು.

ಬದಲಾವಣೆ ಕೊನೆಗೆ ಬಂದದ್ದು ಕಾಯಿಲೆಯ ಭಯದಿಂದ. 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದವು. ಒಬ್ಬರಿಗೆ ಬಳಸಿದ ಕತ್ತಿಯನ್ನು ಇನ್ನೊಬ್ಬರಿಗೆ ಬಳಸಬೇಡಿ ಎಂಬ ಪ್ರಚಾರ ಹಳ್ಳಿ ಹಳ್ಳಿಗೂ ಹೋಯಿತು. ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಭಯವೂ ಇತ್ತು. ಕ್ಷೌರಿಕರು ಒಂದು ಜಾಣ ದಾರಿ ಹಿಡಿದರು. ಕಾಗದದೊಳಗೇ ಬ್ಲೇಡನ್ನು ಉದ್ದಕ್ಕೆ ಎರಡಾಗಿ ಮುರಿದು, ಅರ್ಧವನ್ನು ಕತ್ತಿಯಾಕಾರದ ಹಿಡಿಗೆ ಸಿಕ್ಕಿಸಿಕೊಳ್ಳುವುದು. ಕೈಯ ವರಸೆ ಹಳೆಯದೇ, ಅಲಗು ಮಾತ್ರ ಒಬ್ಬರಿಗೊಂದು.

ಇದು ಸರಿಯಾದ ಬದಲಾವಣೆ. ಯಾರೂ ಹಿಂದಕ್ಕೆ ಹೋಗಬೇಕಿಲ್ಲ. ಆದರೆ ಇದರಲ್ಲಿ ಒಂದು ವರ್ಗಾವಣೆಯೂ ಆಯಿತು. ಹರಿತ ಎಂಬುದು ಕ್ಷೌರಿಕನ ಕೈಯಿಂದ ಕಾರ್ಖಾನೆಯ ಯಂತ್ರಕ್ಕೆ ಹೋಯಿತು. ವಿದ್ಯೆಯಾಗಿದ್ದದ್ದು ಖರ್ಚಾಯಿತು. ಒಂದು ಅರ್ಧ ಬ್ಲೇಡಿನ ಬೆಲೆ ಪುಡಿಗಾಸೇ ಇರಬಹುದು, ಆದರೆ ಆ ಪುಡಿಗಾಸು ಪ್ರತಿ ಗಡ್ಡಕ್ಕೂ ಅಂಗಡಿಯಿಂದ ಹೊರಗೆ ಹೋಗುತ್ತದೆ. ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದ ರೈತ ಪ್ರತಿ ಮುಂಗಾರಿಗೂ ಪ್ಯಾಕೆಟ್ ಕೊಳ್ಳುವಂತಾದ ಕಥೆ ಓದಿದವರಿಗೆ ಈ ದಾರಿ ಹೊಸದೇನಲ್ಲ. ಬೀಜದ ಬಗ್ಗೆ ಪುಸ್ತಕಗಳು ಬಂದಿವೆ, ಚಳವಳಿಗಳು ನಡೆದಿವೆ. ಸಾಣೆಕಲ್ಲಿನ ಬಗ್ಗೆ ಯಾರೂ ಕೂಗಲಿಲ್ಲ, ಏಕೆಂದರೆ ಅದನ್ನು ಬಳಸುತ್ತಿದ್ದವರ ಮಾತನ್ನು ಊರು ಕೇಳಿಸಿಕೊಂಡದ್ದೇ ಕಡಿಮೆ.

ಕತ್ತಿ ಮಸೆದು ಬದುಕಿದ ಹಿರಿಯರು ಈಗಲೂ ನಮ್ಮ ಊರುಗಳಲ್ಲಿ ಇದ್ದಾರೆ. ಕಲ್ಲಿನ ಬಣ್ಣ ಯಾವುದು, ಎಲ್ಲಿ ಕೊಂಡದ್ದು, ನೀರೋ ಎಣ್ಣೆಯೋ, ಹರಿತವಾಯಿತೆಂದು ಹೇಗೆ ಗೊತ್ತಾಗುತ್ತಿತ್ತು, ಮಸೆಯುವುದನ್ನು ಕಲಿಸಿದವರು ಯಾರು: ಇಷ್ಟು ಪ್ರಶ್ನೆ ಹಿಡಿದು ಒಂದು ಸಂಜೆ ಅವರ ಜೊತೆ ಕೂತು ಬನ್ನಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ಪ್ಲಿನಿ ರೋಮಿನ ಕ್ಷೌರದಂಗಡಿಯ ಕಲ್ಲನ್ನು ನಾಲ್ಕು ಸಾಲಿನಲ್ಲಿ ಬರೆದಿಟ್ಟದ್ದರಿಂದ ಎರಡು ಸಾವಿರ ವರ್ಷದ ಮೇಲೂ ಅದು ನಮಗೆ ಗೊತ್ತು. ನಮ್ಮ ಹಡಪದ ಕಲ್ಲಿಗೂ ಆ ನಾಲ್ಕು ಸಾಲು ಸಲ್ಲಬೇಕು.